ಆರನೇ ನಂಬರಿನ ಮನುಷ್ಯ

ನನ್ನ ಇಪ್ಪತ್ತೆಂಟನೇ ವಯಸ್ಸಿನಲ್ಲಿ ಒಂದೂವರೆ ವರ್ಷ ನಾನು ಗುಂಜಿಯ ಒಂದು ಬಂಗಲೆಯಲ್ಲಿ ಕೆಲಸ ಮಾಡಿದೆ. ರೈಲು ನಿಲ್ದಾಣದಿಂದ ಅರ್ಧ ತಾಸು ನಡೆದರೆ, ಕಾಡು ಶುರುವಾಗುವ ಜಾಗದಲ್ಲಿ ಅದಿತ್ತು. ಹಿಂದೆ ಯಾರೋ ಕಟ್ಟಿಗೆ ವ್ಯಾಪಾರಿ ಕಟ್ಟಿಸಿದ್ದ ಉದ್ದನೆಯ ಹಂಚಿನ ಮನೆ. ಅದರ ಕಿಟಕಿಗಳಿಗೆ ಕಬ್ಬಿಣದ ಜಾಲರಿ ಬಡಿದು, ಸುತ್ತಲಿನ ಗೋಡೆಯನ್ನು ಎತ್ತರಿಸಿ, ಮೇಲೆ ಗಾಜಿನ ಚೂರು ನೆಟ್ಟಿದ್ದರು. ವೀಸಾ ಮುಗಿದ ಮೇಲೂ ಗೋವಾದಲ್ಲಿ ಉಳಿದು ಸಿಕ್ಕಿಬಿದ್ದವರು, ಕಾಗದಪತ್ರವಿಲ್ಲದೆ ರೈಲಿನಲ್ಲಿ ಸಿಕ್ಕವರು, ಕೋರ್ಟು ಕೊಟ್ಟ ಶಿಕ್ಷೆ ಮುಗಿದರೂ ತಮ್ಮ ದೇಶ ವಾಪಸು ಕರೆಸಿಕೊಳ್ಳದೆ ಉಳಿದವರು, ಇಂಥ ಪರದೇಶದ ಜನರನ್ನು ಅವರವರ ದೇಶಕ್ಕೆ ಕಳಿಸುವ ತನಕ ಅಲ್ಲಿ ಇಟ್ಟುಕೊಳ್ಳುತ್ತಿದ್ದರು. ಆ ಜಾಗವನ್ನು ನಡೆಸುತ್ತಿದ್ದದ್ದು ಸರಕಾರವಲ್ಲ, ಗುತ್ತಿಗೆ ಹಿಡಿದಿದ್ದ ಒಂದು ಖಾಸಗಿ ಕಂಪನಿ. ಗೇಟಿನ ಮೇಲೆ ಬೋರ್ಡು ಇರಲಿಲ್ಲ. ಸುತ್ತಲಿನ ಹಳ್ಳಿಯವರು ಅದನ್ನು ಹುಚ್ಚರ ಆಸ್ಪತ್ರೆ ಎಂದು ತಿಳಿದಿದ್ದರು.

ನಮ್ಮ ಮನೆ ಬೆಳಗಾವಿಯ ಶಹಾಪುರದಲ್ಲಿ. ಅಣ್ಣ ಎರಡು ಪವರ್‌ಲೂಮ್ ನಡೆಸುತ್ತಿದ್ದ. ನಾನು ಬಿ.ಕಾಂ. ಮುಗಿಸಿ, ಟೈಪಿಂಗ್ ಕಲಿತು, ಅಲ್ಲಿ ಇಲ್ಲಿ ಸಣ್ಣ ಕೆಲಸ ಮಾಡಿಕೊಂಡಿದ್ದೆ. ಗುಮಾಸ್ತೆಯೂ ಹೌದು, ಒಳಗಿರುವ ಹೆಂಗಸರನ್ನು ನೋಡಿಕೊಳ್ಳುವವಳೂ ಹೌದು ಎಂಬಂಥ ಒಬ್ಬಳು ಅವರಿಗೆ ಬೇಕಾಗಿತ್ತು. ಪತ್ರಿಕೆಯಲ್ಲಿ ಜಾಹೀರಾತು ನೋಡಿ ಹೋದೆ. ಬೆಳಿಗ್ಗೆಯ ಪ್ಯಾಸೆಂಜರ್ ಗಾಡಿಯಲ್ಲಿ ಹೋಗಿ, ಸಂಜೆಯ ಗಾಡಿಗೆ ಮರಳುವುದು. ಮಗ್ಗದ ಸದ್ದಿನಲ್ಲಿ ಹುಟ್ಟಿ ಬೆಳೆದವಳು ನಾನು. ಆ ಬಂಗಲೆಯ ನಿಶ್ಶಬ್ದ ಮೊದಲ ವಾರ ನನ್ನ ಕಿವಿಯನ್ನು ನೋಯಿಸಿತು. ಮಧ್ಯಾಹ್ನ ಊಟವಾದ ಮೇಲೆ ಅಲ್ಲಿ ಹಕ್ಕಿಯೂ ಕೂಗುತ್ತಿರಲಿಲ್ಲ. ಒಳಗೆ ಒಂಬತ್ತು ಜನ ಇದ್ದಾರೆ ಎಂದು ಹೊರಗೆ ನಿಂತವರಿಗೆ ಅನ್ನಿಸುತ್ತಲೇ ಇರಲಿಲ್ಲ.

ಅಲ್ಲಿಯ ಮುಖ್ಯಸ್ಥರು ಸೈನ್ಯದಿಂದ ನಿವೃತ್ತರಾದ ಒಬ್ಬ ಹವಾಲ್ದಾರರು. ಐವತ್ತೈದು ದಾಟಿತ್ತು. ಇಸ್ತ್ರಿ ಮಾಡಿದ ಅಂಗಿ, ಸೊಂಟಕ್ಕೆ ಬೀಗದ ಕೈ ಗೊಂಚಲು. ಅವರು ಕೆಟ್ಟವರೆಂದು ನಾನು ಹೇಳಲಾರೆ. ಒಳಗಿದ್ದ ಒಬ್ಬರ ಮೇಲೂ ಅವರು ಕೈ ಎತ್ತಿದ್ದನ್ನು ನಾನು ನೋಡಲಿಲ್ಲ. ಮನೆಯಿಂದ ತಂದ ಉಪ್ಪಿನಕಾಯಿಯನ್ನು ಎಲ್ಲರ ತಾಟಿಗೂ ಒಂದೊಂದು ಹೋಳು ಹಾಕಿಸುತ್ತಿದ್ದರು. ಆದರೆ ಲೆಕ್ಕ ತಪ್ಪಬಾರದು ಎಂಬುದೊಂದೇ ಅವರ ಧ್ಯಾನ. ಬೆಳಿಗ್ಗೆ ಒಂಬತ್ತಕ್ಕೊಮ್ಮೆ, ಸಂಜೆ ನಾಲ್ಕಕ್ಕೊಮ್ಮೆ ಎಲ್ಲರೂ ಪಡಸಾಲೆಯ ಗೋಡೆಗೆ ಬೆನ್ನು ಹಚ್ಚಿ ಸಾಲಾಗಿ ನಿಲ್ಲಬೇಕು. ಹವಾಲ್ದಾರರು ಬೆತ್ತ ತೋರಿಸುತ್ತ ಒಂದು, ಎರಡು ಎಂದು ಎಣಿಸುವರು. ನಾನು ರಜಿಸ್ಟರಿನಲ್ಲಿ 'ಹಾಜರ್' ಎಂದು ಬರೆಯುವೆ. ಹೆಸರು ಹಿಡಿದು ಕರೆಯಬಾರದೆಂದು ಕಂಪನಿಯ ನಿಯಮ. ಉಚ್ಚಾರ ತಪ್ಪಾಗುತ್ತದೆ, ತಕರಾರು ಬರುತ್ತದೆ ಎಂದು. ಹಾಗಾಗಿ ಎಲ್ಲರೂ ನಂಬರುಗಳಾಗಿದ್ದರು.

ಆರನೇ ನಂಬರಿನವನು ನಲವತ್ತರ ಆಸುಪಾಸಿನ ತೆಳ್ಳನೆಯ ಕಪ್ಪು ಮನುಷ್ಯ. ಲೋಂಡಾ ನಿಲ್ದಾಣದಲ್ಲಿ ಕಾಗದಪತ್ರವಿಲ್ಲದೆ ಸಿಕ್ಕಿದ್ದನಂತೆ. ಪೂರ್ವದ ಗಡಿಯಾಚೆಯ ದೇಶದವನೆಂದು ಫೈಲಿನಲ್ಲಿತ್ತು. ಆ ದೇಶದವರು, ಇಂಥವನು ನಮ್ಮಲ್ಲಿ ಇಲ್ಲ ಎಂದು ಎರಡು ಸಲ ಬರೆದಿದ್ದರು. ಅವನ ಫೋಟೋ ಎಂದು ಫೈಲಿನಲ್ಲಿದ್ದದ್ದು ಝೆರಾಕ್ಸಿನ ಝೆರಾಕ್ಸು; ಬರೀ ಕಪ್ಪು ಮಸಿ. ಅವನು ಮಾತಾಡುತ್ತಿದ್ದದ್ದು ತೀರ ಕಡಿಮೆ. ಎರಡು ವಿಚಿತ್ರ ರೂಢಿಗಳಿದ್ದವು. ತಾಟಿನಲ್ಲಿ ಬಡಿಸಿದ್ದನ್ನು ಸರಿಯಾಗಿ ಅರ್ಧ ಉಂಡು, ಉಳಿದ ಅರ್ಧವನ್ನು ಇನ್ನೊಂದು ತಾಟಿನಿಂದ ಮುಚ್ಚಿಡುತ್ತಿದ್ದ. ಇನ್ನೊಂದು, ಕಂಬಳಿಯನ್ನು ನಾಲ್ಕು ಮಡಿಕೆ ಮಾಡಿ ಅದರ ಮೇಲೆ ತನ್ನ ರಬ್ಬರ್ ಚಪ್ಪಲಿಗಳನ್ನು ಜೋಡಿಸಿಡುತ್ತಿದ್ದ. ದೇವರ ಮುಂದೆ ಹೂವು ಇಟ್ಟ ಹಾಗೆ.

ಮಾಘದ ಬಿಸಿಲಿನ ಒಂದು ದಿನ ಮಧ್ಯಾಹ್ನ ಅವನು ಕಾಣೆಯಾದ.

ಊಟವಾಗಿತ್ತು. ಎಲ್ಲರೂ ತಮ್ಮ ತಮ್ಮ ಕೋಣೆಗಳಿಗೆ ಹೋಗಿ ಅಡ್ಡಾಗಿದ್ದರು. ನಾನು ಪಡಸಾಲೆಯ ಮೇಜಿನ ಮುಂದೆ ಕೂತು ಟೈಪು ಮಾಡುತ್ತಿದ್ದೆ. ಹೊರಗೆ ಹೋಗುವ ದಾರಿ ಇದ್ದದ್ದು ನನ್ನ ಎದುರಿಗೇ. ಯಾರೂ ದಾಟಿ ಹೋಗಲಿಲ್ಲ. ನಾಲ್ಕಕ್ಕೆ ಎಣಿಕೆಗೆ ನಿಂತಾಗ ಆರನೆಯವನ ಜಾಗ ಖಾಲಿ. ಅವನ ಕೋಣೆಯಲ್ಲಿ ಮುಚ್ಚಿಟ್ಟ ತಾಟು ಇತ್ತು, ಮಡಿಕೆ ಮಾಡಿದ ಕಂಬಳಿಯ ಮೇಲೆ ಚಪ್ಪಲಿಗಳಿದ್ದವು. ಗೇಟಿಗೆ ಬೀಗ ಹಾಕಿದ್ದು ಹಾಕಿದ ಹಾಗೇ ಇತ್ತು. ಗೋಡೆಯ ಗಾಜಿನ ಮೇಲೆ ಬಟ್ಟೆಯ ಒಂದು ಎಳೆಯೂ ಇಲ್ಲ, ರಕ್ತದ ಗುರುತೂ ಇಲ್ಲ. ಇಬ್ಬರು ಕಾವಲುಗಾರರು ರೈಲು ಹಳಿಯ ಗುಂಟ, ಕಾಡಿನ ಅಂಚಿನ ಗುಂಟ ಹುಡುಕಿ ಬೆವರುತ್ತ ಬಂದರು. ಅವನು ಹೇಗೆ ಹೋದ ಎನ್ನುವುದು ಅಂದೂ ತಿಳಿಯಲಿಲ್ಲ, ಆಮೇಲೂ ತಿಳಿಯಲಿಲ್ಲ.

ನಾನು ರಜಿಸ್ಟರ್ ತೆರೆದು ಪೆನ್ನು ಹಿಡಿದು ಕೂತಿದ್ದೆ. ಹವಾಲ್ದಾರರು ಆರನೇ ಸಾಲಿನ ಮೇಲೆ ಬೆರಳಿಟ್ಟರು.

"ಹಾಜರ್ ಅಂತ ಬರಿ, ತಂಗಿ."

"ಅಂವ ಇಲ್ಲಲ್ರಿ ಸಾಹೇಬ್ರ."

"ನಾಳಿ ಸಿಗ್ತಾನ. ಒಂದ ದಿನದ ಮಾತು. ಈಗ ಬರದ್ವಿ ಅಂದ್ರ ಈ ಇಬ್ರೂ ಕಾವಲದವ್ರ ನೌಕರಿ ಹೋಗತೈತಿ. ಮನಿಯಾಗ ಸಣ್ಣ ಮಕ್ಕಳದಾವ ಅವ್ರಿಗೆ."

ಕಾವಲುಗಾರರು ನನ್ನ ಮುಖ ನೋಡುತ್ತ ನಿಂತಿದ್ದರು. ನಾನು ಬರೆದೆ.

ಮರುದಿನವೂ ಅವನು ಸಿಗಲಿಲ್ಲ. ಅದರ ಮರುದಿನವೂ ಇಲ್ಲ. ನಾನು ದಿನಕ್ಕೆರಡು ಸಲ ಬರೆಯುತ್ತ ಹೋದೆ. ಒಮ್ಮೆ ಬರೆದ ಮೇಲೆ ನಿಲ್ಲಿಸುವುದು ಕಷ್ಟ. ನಿಲ್ಲಿಸಿದ ದಿನ ಹಿಂದಿನ ದಿನಗಳೆಲ್ಲ ಸುಳ್ಳಾಗುತ್ತವೆ. ಎಣಿಕೆಯ ಹೊತ್ತಿಗೆ ಐದನೆಯವನೂ ಏಳನೆಯವನೂ ರೂಢಿಯ ಪ್ರಕಾರವೇ ನಿಲ್ಲುತ್ತಿದ್ದರು, ನಡುವೆ ಒಬ್ಬನಿಗಾಗುವಷ್ಟು ಜಾಗ ಬಿಟ್ಟು. ಹವಾಲ್ದಾರರ ಬೆತ್ತ 'ಐದು' ಎಂದು ಒಬ್ಬನ ಎದೆಗೆ ತೋರಿಸಿ, 'ಆರು' ಎಂದು ಬರೀ ಗೋಡೆಗೆ ತೋರಿಸಿ, 'ಏಳು' ಎಂದು ಮುಂದೆ ಹೋಗುತ್ತಿತ್ತು. ಗೋಡೆಯ ಆ ಭಾಗದಲ್ಲಿ, ದಿನವೂ ಬೆನ್ನು ತಾಗಿ ತಾಗಿ, ಸುಣ್ಣ ಹೋಗಿ ಮನುಷ್ಯನ ಎತ್ತರಕ್ಕೆ ಒಂದು ಕಲೆ ಬಿದ್ದಿತ್ತು. ಬೆತ್ತ ಸರಿಯಾಗಿ ಅದರ ಎದೆಯ ಭಾಗಕ್ಕೇ ಹೋಗುತ್ತಿತ್ತು.

ಒಳಗಿದ್ದವರಲ್ಲಿ ಬಾಯಿ ಬಿಟ್ಟವಳು ಒಬ್ಬಳೇ. ಗೋವಾದಲ್ಲಿ ಎಷ್ಟೋ ವರ್ಷ ಇದ್ದ ಒಬ್ಬ ಬಿಳಿ ಮುದುಕಿ. ಅವಳಿಗೆ ಹರಕುಮುರುಕು ಹಿಂದಿ ಬರುತ್ತಿತ್ತು. ನಾನು ಚಹಾ ಕೊಡಲು ಹೋದಾಗಲೆಲ್ಲ, "ಆ ಇನ್ನೊಬ್ಬ ಎಲ್ಲಿ ಹೋದ?" ಎಂದು ಕೇಳುವಳು. ನಾನು ಕಪ್ಪು ಇಟ್ಟು ಬಂದುಬಿಡುತ್ತಿದ್ದೆ.

ತಿಂಗಳಿಗೊಮ್ಮೆ ಬೆಳಗಾವಿಯಿಂದ ಒಬ್ಬ ಅಧಿಕಾರಿ ತಪಾಸಣೆಗೆ ಬರುತ್ತಿದ್ದರು. ಆ ತಿಂಗಳ ತಪಾಸಣೆ ಹತ್ತಿರ ಬಂತು. ನಾನು ರಜಿಸ್ಟರಿನ ಪುಟಗಳನ್ನು ಮತ್ತೆ ಮತ್ತೆ ತಿರುವಿ ನೋಡುತ್ತಿದ್ದೆ. ಹವಾಲ್ದಾರರು ಮಾತ್ರ ಶಾಂತವಾಗಿದ್ದರು.

ಬಂಗಲೆಯಿಂದ ಒಂದು ಮೈಲಿ ಒಳಗೆ, ಕಾಡಿನಲ್ಲಿ, ಎಮ್ಮೆ ಸಾಕುವ ಗೌಳಿಗರ ಏಳೆಂಟು ಗುಡಿಸಲುಗಳಿದ್ದವು. ಅಲ್ಲಿಯ ಒಬ್ಬ ಮೂಕ ಮನುಷ್ಯ ಎಮ್ಮೆ ಬಿಟ್ಟುಕೊಂಡು ನಮ್ಮ ಗೋಡೆಯ ಬದಿಗೆ ಬರುತ್ತಿದ್ದ. ಹುಟ್ಟಾ ಕಿವಿಯೂ ಕೇಳುತ್ತಿರಲಿಲ್ಲ, ಮಾತೂ ಬರುತ್ತಿರಲಿಲ್ಲ. ಕೆಲವೊಮ್ಮೆ ಒಲೆಗೆ ಕಟ್ಟಿಗೆ ತಂದುಕೊಟ್ಟು, ಚಹಾ ಕುಡಿದು, ಹಲ್ಲು ಬಿಟ್ಟು ನಕ್ಕು ಹೋಗುವನು. ನಲವತ್ತರ ಆಸುಪಾಸು. ತೆಳ್ಳಗೆ, ಕಪ್ಪಗೆ.

ತಪಾಸಣೆಯ ದಿನ ನಾನು ಹೋದಾಗ ಅವನು ಸ್ನಾನ ಮಾಡಿ, ಗಡ್ಡ ಬೋಳಿಸಿಕೊಂಡು, ಆರನೆಯವನ ಅಂಗಿ ಹಾಕಿಕೊಂಡು, ಆರನೆಯವನ ಚಪ್ಪಲಿ ಮೆಟ್ಟಿ, ಸಾಲಿನಲ್ಲಿ ನಿಂತಿದ್ದ. ಹೊಸ ಅಂಗಿ ಸಿಕ್ಕ ಖುಷಿಗೆ ಅದರ ಗುಂಡಿಗಳನ್ನು ಮುಟ್ಟಿ ಮುಟ್ಟಿ ನೋಡುತ್ತಿದ್ದ.

"ಐದ ಮಿನಿಟು ನಿಂತರ ಸಾಕು," ಎಂದರು ಹವಾಲ್ದಾರರು. "ಯಾರಿಗೂ ಲುಕ್ಸಾನ ಇಲ್ಲ."

ಅಧಿಕಾರಿ ಬಂದರು, ಎಣಿಸಿದರು, ರುಜು ಹಾಕಿದರು, ಹೋದರು. ಮೂಕ ಮನುಷ್ಯ ಚಹಾ ಕುಡಿದು, ಅಂಗಿ ಬಿಚ್ಚಿಕೊಟ್ಟು, ಎಮ್ಮೆಗಳ ಹಿಂದೆ ಹೋದ. ನನಗೆ ಎದೆಯ ಭಾರ ಇಳಿದ ಹಾಗಾಯಿತು. ಅದನ್ನು ಇಲ್ಲಿ ಮುಚ್ಚಿಡುವುದಿಲ್ಲ.

ಮುಂದಿನ ತಿಂಗಳು ಆ ಅಧಿಕಾರಿಗೆ ವರ್ಗವಾಗಿ ಹೊಸಬರು ಬಂದರು. ವಯಸ್ಸು ಚಿಕ್ಕದು, ಕೆಲಸದಲ್ಲಿ ಚುರುಕು. ಮೊದಲ ಸಲ ಬಂದಾಗಲೇ, ಇನ್ನು ಮುಂದೆ ಹೇಳದೆ ಕೇಳದೆ ಬರುತ್ತೇನೆ ಎಂದರು. ಆ ಸಲವೂ ಮೂಕನೇ ಸಾಲಿನಲ್ಲಿದ್ದ. ಅಧಿಕಾರಿ ಫೋಟೋಗ್ರಾಫರನನ್ನು ಕರೆತಂದಿದ್ದರು. ಎಲ್ಲರ ಫೈಲಿಗೂ ಹೊಸ ಫೋಟೋ ಬೇಕೆಂದು ಒಬ್ಬೊಬ್ಬರನ್ನೇ ಗೋಡೆಗೆ ನಿಲ್ಲಿಸಿ ತೆಗೆಸಿದರು. ಮೂಕ ಮನುಷ್ಯ ಕ್ಯಾಮೆರಾ ನೋಡಿ ನಕ್ಕ. ನಗಬೇಡ ಎಂದು ಹವಾಲ್ದಾರರು ಕೈ ಸನ್ನೆ ಮಾಡಿದರು. ನಗು ನಿಂತ ಮುಖದ ಫೋಟೋ ಆರನೇ ನಂಬರಿನ ಫೈಲಿಗೆ ಹೋಯಿತು.

ಹೇಳದೆ ಬರುವವರಿಗೆ ಯಾವತ್ತೂ ಲೆಕ್ಕ ಸರಿ ಇರಬೇಕಲ್ಲ? ಅಂದಿನಿಂದ ಮೂಕನನ್ನು ಮನೆಗೆ ಕಳಿಸಲಿಲ್ಲ. ಅವನ ಅಕ್ಕನಿಗೆ, ಬಂಗಲೆಯಲ್ಲಿ ಕಾವಲಿನ ಕೆಲಸ ಹತ್ತಿದೆ ಎಂದು ಹವಾಲ್ದಾರರೇ ಹೋಗಿ ಹೇಳಿ ಬಂದರು.

ಅವನಿಗೆ ಯಾರೂ ಹೊಡೆಯಲಿಲ್ಲ, ಬಯ್ಯಲಿಲ್ಲ. ಹಾಸಿಗೆ, ಎರಡು ಹೊತ್ತಿನ ಚಹಾ, ಬಿಸಿ ಅನ್ನ. ಗೇಟು ಮಾತ್ರ ತೆರೆಯಲಿಲ್ಲ. ಮೊದಲ ದಿನಗಳಲ್ಲಿ ಎಮ್ಮೆ ಮನೆಗೆ ತಿರುಗುವ ಹೊತ್ತಾದರೆ ಸಾಕು, ಗೇಟಿನ ಸರಳು ಹಿಡಿದು ನಿಂತು, ಗಂಟಲಿನಿಂದ ಒಂದು ದಪ್ಪನೆಯ ಸದ್ದು ತೆಗೆಯುತ್ತಿದ್ದ. ಎಮ್ಮೆಗಳು ಗೋಡೆಯಾಚೆ ನಿಂತು ಕೇಳುತ್ತಿದ್ದವು. ಕಾವಲುಗಾರ ಕಲ್ಲು ಒಗೆದು ಓಡಿಸುತ್ತಿದ್ದ. ಹತ್ತು ಹದಿನೈದು ದಿನವಾದ ಮೇಲೆ ಎಮ್ಮೆಗಳು ಬರುವುದು ನಿಂತಿತು. ಅವನು ಗೇಟಿಗೆ ಹೋಗುವುದೂ ನಿಂತಿತು.

ಬಿಳಿ ಮುದುಕಿಯ ದೇಶದಿಂದ ಕಾಗದ ಬಂದು ಅವಳನ್ನು ಕಳಿಸಿಕೊಟ್ಟರು. ಹೋಗುವಾಗ ಅವಳು ಪಡಸಾಲೆಯಲ್ಲಿ ನಿಂತು, ಮೂಕನನ್ನು ಬೆರಳಿನಿಂದ ತೋರಿಸಿ, "ಇವನು ಅವನಲ್ಲ" ಎಂದು ಹಿಂದಿಯಲ್ಲಿ ಸ್ಪಷ್ಟವಾಗಿ ಹೇಳಿದಳು. ಅವಳು ಹೋದ ಮೇಲೆ ಆ ಮಾತು ಎತ್ತುವವರು ಒಳಗೆ ಉಳಿಯಲಿಲ್ಲ. ಉಳಿದವರು ಹೊಸಬನನ್ನು ಆರು ಎಂದೇ ಕರೆಯುತ್ತಿದ್ದರು, ಅಂದರೆ ಬೆರಳುಗಳಿಂದ ಆರು ತೋರಿಸುತ್ತಿದ್ದರು. ಅವನು ತಿರುಗಿ ನೋಡುತ್ತಿದ್ದ.

ಒಂದು ದಿನ ಕೋಣೆಗಳನ್ನು ನೋಡಿಕೊಂಡು ಬರುತ್ತಿದ್ದಾಗ ಅವನ ಬಾಗಿಲಲ್ಲಿ ನಿಂತುಬಿಟ್ಟೆ. ಕಂಬಳಿ ನಾಲ್ಕು ಮಡಿಕೆಯಾಗಿತ್ತು, ಅದರ ಮೇಲೆ ರಬ್ಬರ್ ಚಪ್ಪಲಿಗಳು ಜೋಡಿಯಾಗಿದ್ದವು. ಮೂಲೆಯಲ್ಲಿ ಮುಚ್ಚಿದ ತಾಟು. ಮುಚ್ಚಳ ತೆಗೆದು ನೋಡಿದೆ. ಸರಿಯಾಗಿ ಅರ್ಧ.

ಆ ಮೊದಲನೆಯವನನ್ನು ಇವನು ಕೋಣೆಯೊಳಗೆ ಎಂದೂ ನೋಡಿದವನಲ್ಲ. ಯಾರು ಕಲಿಸಿದರು? ಪಕ್ಕದ ಕೋಣೆಯವರು ತಮಾಷೆಗೆ ಕಲಿಸಿರಬಹುದು. ಅಡುಗೆಯವಳು ಅಭ್ಯಾಸಬಲದಿಂದ ಎರಡು ತಾಟು ಇಟ್ಟಿರಬಹುದು. ಹಾಗೆಂದು ನನಗೆ ನಾನೇ ಹೇಳಿಕೊಂಡೆ. ಆದರೂ ಅಂದು ಮಧ್ಯಾಹ್ನ ಆ ಕೋಣೆಗೆ ಬೆನ್ನು ಮಾಡಿ ಕೂರಲಾಗದೆ ಕುರ್ಚಿ ತಿರುಗಿಸಿಕೊಂಡೆ. ಹವಾಲ್ದಾರರಿಗೆ ಹೇಳಿದೆ.

ಅವರು ಆಶ್ಚರ್ಯಪಡಲಿಲ್ಲ. "ಅಂವಾ ಮೊದಲಿಂದಾನೂ ಹಂಗ ಇಡ್ತಿದ್ದನಲ್ಲ," ಎಂದರು.

ನಾನು ಅವರ ಮುಖ ನೋಡಿದೆ. ಹಾಸ್ಯಕ್ಕೆ ಹೇಳಿದ ಹಾಗೆ ಕಾಣಲಿಲ್ಲ.

ಮಳೆಗಾಲಕ್ಕೆ ಮುಂಚೆ ಅಧಿಕಾರಿ ಒಂದು ಕಾಗದ ಹಿಡಿದುಕೊಂಡು ನಗುನಗುತ್ತ ಬಂದರು. "ಒಂದ ಛಲೋ ಸುದ್ದಿ ತಂದೇನ್ರಿ," ಎಂದರು. ಹೊಸ ಫೋಟೋವನ್ನು ಗಡಿಯಾಚೆ ಕಳಿಸಿದ್ದರಂತೆ. ಅಲ್ಲಿಯ ಪೊಲೀಸರು ಅದನ್ನು ಊರೂರಿಗೆ ತೋರಿಸಿದಾಗ, ಒಂದು ಹಳ್ಳಿಯಲ್ಲಿ ಒಬ್ಬ ಮುದುಕಿ ಅದನ್ನು ಕೈಯಲ್ಲಿ ಹಿಡಿದು ಅತ್ತಳಂತೆ. ಇವನು ನನ್ನ ಮಗ, ಹತ್ತು ವರ್ಷದ ಹಿಂದೆ ಮನೆ ಬಿಟ್ಟವನು, ಕಳಿಸಿಕೊಡಿ ಎಂದು ಹೆಬ್ಬೆಟ್ಟು ಒತ್ತಿದ್ದಳು. ಆ ದೇಶ ಒಪ್ಪಿಕೊಂಡಿತ್ತು. ಎಂಟು ದಿನದ ಮೇಲೆ ಇಬ್ಬರು ಪೊಲೀಸರ ಜೊತೆ ಲೋಂಡಾದಿಂದ ರೈಲಿಗೆ ಹತ್ತಿಸುವುದೆಂದು ನಿಶ್ಚಯವಾಯಿತು.

ಅಧಿಕಾರಿ ಹೋದ ಕೂಡಲೇ ನಾನು ಹವಾಲ್ದಾರರ ಮುಂದೆ ಹೋಗಿ ನಿಂತೆ. "ಸಾಹೇಬ್ರ, ಇನ್ನ ಸಾಕ್ರಿ. ಇಂವ ಗೌಳ್ಯಾರಂವ. ಓಡಿ ಹೋದಾಂವ ಬ್ಯಾರೇದಂವ."

"ಯಾಂವ ಓಡಿ ಹೋಗ್ಯಾನ?"

"ಆರನೇದಂವ."

ಅವರು ರಜಿಸ್ಟರನ್ನು ನನ್ನ ಕಡೆ ತಿರುಗಿಸಿದರು. "ತೋರಸು. ಯಾವತ್ತ ಹೋಗ್ಯಾನ?"

ನಾನು ಪುಟ ತಿರುವಿದೆ. ಮಾಘದಿಂದ ಇತ್ತ ಒಂದೊಂದು ಪುಟವನ್ನೂ. ಆರನೇ ಸಾಲಿನಲ್ಲಿ ಹಾಜರ್, ಹಾಜರ್, ಹಾಜರ್. ಎಲ್ಲವೂ ನನ್ನ ದುಂಡನೆಯ ಅಕ್ಷರ.

"ಯಾವ ಗೌಳಿ, ಯಾವ ಮೂಕ," ಎಂದರು ಅವರು, ಮಗುವಿಗೆ ಹೇಳುವ ಧಾಟಿಯಲ್ಲಿ. "ಬಿಸಲಾಗ ಅಡ್ಡಾಡಿ ನಿನಗ ತಲಿ ತಿರಗೇತಿ. ಅಂವ ಎಲ್ಲೂ ಹೋಗಿಲ್ಲ, ತಂಗಿ. ಹೋಗಾಕ ದಾರಿ ಎಲ್ಲೈತಿ ಇಲ್ಲಿ?"

ಅವರು ಸುಳ್ಳು ಹೇಳುತ್ತಿರಲಿಲ್ಲ. ಅದು ನನಗೆ ಕಣ್ಣಿಗೆ ಕಂಡಿತು. ಮನಸ್ಸಿಗೆ ಬೇಕಾದ್ದನ್ನು ಅವರು ಎಂದೋ ನಂಬಿಬಿಟ್ಟಿದ್ದರು. ಅದಕ್ಕಿಂತ ಹೆಚ್ಚಿಗೆ ಹೆದರಿಸಿದ ಸಂಗತಿ ಇನ್ನೊಂದು. ಮೊದಲನೆಯವನ ಮುಖವನ್ನು ನೆನಪಿಸಿಕೊಳ್ಳಲು ಹೋದರೆ, ನನಗೂ ಇವನ ಮುಖವೇ ಬರುತ್ತಿತ್ತು.

ಆ ಭಾನುವಾರ ಮನೆಯಲ್ಲಿ ಕೆಲಸವಿದೆ, ಬಂಗಲೆಗೆ ಬರುವುದಿಲ್ಲ ಎಂದು ಹವಾಲ್ದಾರರಿಗೆ ಹೇಳಿ, ಗುಂಜಿಗೇ ಹೋದೆ. ಬಂಗಲೆಯನ್ನು ದೂರದಿಂದ ಸುತ್ತು ಹಾಕಿ, ಕಾಡಿನ ಕಾಲುದಾರಿ ಹಿಡಿದು, ಗೌಳಿವಾಡಾಕ್ಕೆ ನಡೆದೆ. ನಾನು ನಿಜವಾಗಿ ಹೆದರಿದ್ದು ಆ ದಾರಿಯಲ್ಲಿ. ಅಲ್ಲಿ ಹೋಗಿ ಕೇಳಿದರೆ, ಇಲ್ಲಿ ಮೂಕ ಯಾರೂ ಇಲ್ಲ ಎಂದುಬಿಟ್ಟರೆ?

ಮೂಕನ ಅಕ್ಕ ಗುಡಿಸಲಿನ ಮುಂದೆ ಕೂತು ಮಜ್ಜಿಗೆ ಕಡೆಯುತ್ತಿದ್ದಳು. ಐವತ್ತರ ಹೆಂಗಸು. ಮರಾಠಿಯ ನಡುವೆ ಕನ್ನಡ ಬೆರೆಸಿ ಮಾತಾಡುತ್ತಿದ್ದಳು. ನಾನು ಬಂಗಲೆಯವಳು ಎಂದು ಕೇಳಿ ಚಾಪೆ ಹಾಸಿದಳು.

"ಕುಂದರ್ರಿ ಬಾಯಿ. ನಮ್ಮ ತಮ್ಮ ಹೆಂಗ ಅದಾನ್ರಿ? ನೌಕರಿ ಮ್ಯಾಲಿಂದ ಒಂದ ಸಲೆನೂ ಮನಿಗೆ ಬಂದಿಲ್ಲ. ಗೇಟಿನ ತನಕಾ ಹೋಗಿದ್ದೆ, ಡ್ಯೂಟಿ ಮ್ಯಾಲೆ ಅದಾನ ಅಂತ ಕಳಿಸಿದ್ರು."

ಇದ್ದ ಸಂಗತಿ ಇದ್ದ ಹಾಗೆ ಹೇಳಿದೆ. ನಾನೇ ಬರೆದೆ ಎನ್ನುವುದನ್ನೂ ಹೇಳಿದೆ. ಅವಳ ಕೈಯಲ್ಲಿ ಕಡೆಗೋಲು ನಿಂತಿತು. ಬಯ್ಯುತ್ತಾಳೆ ಎಂದುಕೊಂಡೆ. ಅವಳು ಬಯ್ಯಲಿಲ್ಲ.

"ಪರದೇಶಕ್ಕ ಕಳಸ್ತಾರ? ಖರೇನ? ಅಂವಗ ಲೋಂಡಾ ಸುದ್ದಾ ಗೊತ್ತಿಲ್ರಿ."

"ಅಂವಂದು ಏನರೆ ಕಾಗದ ಅದಾವನ್ರಿ? ರೇಷನ್ ಕಾರ್ಡು, ಏನರೆ?"

ಅವಳು ಒಳಗೆ ಹೋಗಿ ತಗಡಿನ ಡಬ್ಬಿ ತಂದಳು. ಅದರಲ್ಲಿ ಅರಿಶಿನದ ಬಟ್ಟೆಯಲ್ಲಿ ಸುತ್ತಿದ ಓಟಿನ ಕಾರ್ಡು ಇತ್ತು. ಫೋಟೋದಲ್ಲಿ ಅವನೇ. ಅವನ ಹೆಸರು ಓದಿದೆ. ಅಷ್ಟು ದಿನ ಅವನಿಗೊಂದು ಹೆಸರಿದೆ ಎಂದು ನನಗೆ ಹೊಳೆದೇ ಇರಲಿಲ್ಲ. ಇಲ್ಲಿ ಅದನ್ನು ಬರೆಯುವುದಿಲ್ಲ. ಅಂದು ಮಾತ್ರ ಎರಡು ಸಲ ಜೋರಾಗಿ ಓದಿದೆ.

ಕಳಿಸುವ ದಿನ ಬೆಳಿಗ್ಗೆ ಅಧಿಕಾರಿಯ ಜೀಪು ಕಾಡಿನ ತಿರುವಿನಲ್ಲಿ ಕಂಡಾಗ ನಾನೂ ಅವಳೂ ಗೇಟಿನ ಹೊರಗೆ ದಾರಿಯ ನಡುವೆ ನಿಂತಿದ್ದೆವು. ಮಂಜು ಇನ್ನೂ ಹರಿದಿರಲಿಲ್ಲ. ಜೀಪು ನಿಂತಿತು. ಅಧಿಕಾರಿ ಇಳಿದರು. ನಾನು ಓಟಿನ ಕಾರ್ಡನ್ನು ಅವರ ಕೈಗೆ ಕೊಟ್ಟು, ಹೇಳಬೇಕಾದ್ದನ್ನು ಒಂದೇ ಉಸಿರಿನಲ್ಲಿ ಹೇಳಿದೆ. ಅವರು ಕಾರ್ಡನ್ನೂ ಫೈಲಿನ ಫೋಟೋವನ್ನೂ ಬಾಜುಬಾಜು ಹಿಡಿದು ಬಹಳ ಹೊತ್ತು ನೋಡಿದರು. ಆಮೇಲೆ ನಮ್ಮನ್ನು ಕರೆದುಕೊಂಡೇ ಒಳಗೆ ಬಂದರು.

ಪಡಸಾಲೆಯಲ್ಲಿ ಎಣಿಕೆ ನಡೆದಿತ್ತು. ಆರನೇ ಜಾಗದಲ್ಲಿ ಅವನು, ಗೋಡೆಯ ಕಲೆಗೆ ಬೆನ್ನು ಹಚ್ಚಿ, ಒಗೆದ ಅಂಗಿಯಲ್ಲಿ ಪ್ರಯಾಣಕ್ಕೆ ತಯಾರಾಗಿ ನಿಂತಿದ್ದ. ಅಕ್ಕ ಅವನ ಎದುರಿಗೆ ಹೋಗಿ ನಿಂತಳು. ಎರಡು ಬೆರಳುಗಳನ್ನು ತಲೆಯ ಮೇಲೆ ಕೊಂಬಿನ ಹಾಗೆ ಇಟ್ಟುಕೊಂಡಳು, ಆಮೇಲೆ ಕೈಯಿಂದ ಮನೆಯ ಕಡೆ ತೋರಿಸಿದಳು. ಎಮ್ಮೆ ಕಾಯುತ್ತಿವೆ, ನಡಿ ಎಂದು.

ಅವನು ಅವಳನ್ನು ನೋಡಿದ. ಗುರುತು ಹತ್ತಿತೋ ಇಲ್ಲವೋ ಮುಖದಲ್ಲಿ ತಿಳಿಯಲಿಲ್ಲ. ಅವನ ಕಣ್ಣು ಹವಾಲ್ದಾರರ ಬೆತ್ತದ ಕಡೆ ಹೋಯಿತು. ಅಲ್ಲಿಂದ ನನ್ನ ಕಡೆ ಬಂತು. ಬರೆಯುವವಳು ನಾನಲ್ಲವೇ? ನಾನು ಹೋಗು ಎಂದು ತಲೆ ಆಡಿಸಿದೆ. ಆದರೂ ಅವನು ಕದಲಲಿಲ್ಲ. ಅಕ್ಕ ಅವನ ಮಣಿಕಟ್ಟು ಹಿಡಿದು ಸಾಲಿನಿಂದ ಎಳೆದಳು. ಆಗ ಅವನು ಒಂದು ಕ್ಷಣ ಕೈ ಬಿಡಿಸಿಕೊಂಡು ಕೋಣೆಗೆ ಹೋದ. ಚಪ್ಪಲಿ ಬಿಚ್ಚಿ ಕಂಬಳಿಯ ಮೇಲೆ ಜೋಡಿಸಿಟ್ಟು, ಬರಿಗಾಲಲ್ಲಿ ಹೊರಗೆ ಬಂದು, ಅಕ್ಕನ ಹಿಂದೆ ನಡೆದ.

"ಹಂಗಾರ ಆರನೇದಂವ ಎಲ್ಲಿ?" ಎಂದು ಅಧಿಕಾರಿ ಕೇಳಿದರು.

ಹವಾಲ್ದಾರರು ಗೇಟಿನ ಕಡೆ, ಮಂಜಿನಲ್ಲಿ ಹೋಗುತ್ತಿದ್ದ ಬೆನ್ನಿನ ಕಡೆ ಬೆತ್ತ ತೋರಿಸಿದರು.

"ಅಲ್ಲಿ ಹೊಂಟಾನಲ್ರಿ ಸಾಹೇಬ್ರ."

ಆ ವಾರದಲ್ಲೇ ಬಂಗಲೆ ಮುಚ್ಚಿತು. ಉಳಿದವರನ್ನು ಬೇರೆ ಊರಿಗೆ ಸಾಗಿಸಿದರು. ಕಂಪನಿಯವರು ಎಲ್ಲ ತಪ್ಪನ್ನೂ ಹವಾಲ್ದಾರರ ತಲೆಗೆ ಕಟ್ಟಿ ಕೈ ತೊಳೆದುಕೊಂಡರು. ನಾನು ಸುಳ್ಳು ಬರೆದದ್ದು ಹೌದೆಂದು ಹೇಳಿಕೆ ಕೊಟ್ಟೆ. ನಾನಾಗಿಯೇ ಬಾಯಿ ಬಿಟ್ಟೆನೆಂದು ಅಧಿಕಾರಿಗಳು ಬರೀ ಎಚ್ಚರಿಕೆ ಕೊಟ್ಟು ನನ್ನನ್ನು ಬಿಟ್ಟರು. ಹವಾಲ್ದಾರರನ್ನು ಮರುವರ್ಷ ಖಾನಾಪುರದ ಸಂತೆಯಲ್ಲಿ ಕಂಡೆ. ಇಳಿದುಹೋಗಿದ್ದರು. ನನ್ನ ಮೇಲೆ ಸಿಟ್ಟಿರಲಿಲ್ಲ. "ಎಲ್ಲಾರೂ ಅದಾರಲ್ಲ, ತಂಗಿ?" ಎಂದು ಕೇಳಿದರು. ಏನು ಕೇಳುತ್ತಿದ್ದಾರೆಂದು ತಿಳಿದು, "ಅದಾರ್ರಿ ಸಾಹೇಬ್ರ" ಎಂದೆ. ಅವರು ಸಮಾಧಾನದಿಂದ ಚೀಲ ಎತ್ತಿಕೊಂಡು ಹೋದರು.

ಗೌಳಿವಾಡಾಕ್ಕೆ ಎರಡು ಸಲ ಹೋಗಿ ಬಂದೆ. ಮೊದಲ ಸಲ ಹೋದಾಗ, ಅವನು ಬೆಳಿಗ್ಗೆ ಎದ್ದು ಗುಡಿಸಲಿನ ಗೋಡೆಗೆ ಬೆನ್ನು ಹಚ್ಚಿ ನಿಲ್ಲುತ್ತಾನೆ, ಯಾರಾದರೂ ಬಂದು ಎದೆಗೆ ಬೆರಳು ತೋರಿಸುವ ತನಕ ಸರಿಯುವುದಿಲ್ಲ ಎಂದು ಅಕ್ಕ ಹೇಳಿದಳು. ಅವಳೇ ದಿನವೂ ಬೆರಳು ತೋರಿಸಿ ಎಮ್ಮೆ ಬಿಡಲು ಕಳಿಸುತ್ತಿದ್ದಳು. ಎರಡನೇ ಸಲ ಹೋಗುವಷ್ಟರಲ್ಲಿ ಅದು ಬಿಟ್ಟುಹೋಗಿತ್ತು. ನನ್ನನ್ನು ನೋಡಿದ್ದೇ ಅವನು ಗುಡಿಸಲಿನ ಹಿಂದೆ ಹೋಗಿ, ನಾನು ಹೊರಡುವ ತನಕ ಹೊರಗೆ ಬರಲಿಲ್ಲ. ಆಮೇಲೆ ನಾನು ಹೋಗಲಿಲ್ಲ.

ಹೇಳಿಕೆಗೆ ಸಹಿ ಹಾಕಲು ಒಮ್ಮೆ ಬೆಳಗಾವಿಯ ಕಚೇರಿಗೆ ಕರೆಸಿದ್ದರು. ಟೈಪಿಸ್ಟ್ ರಜೆಯ ಮೇಲಿದ್ದ. ಅಧಿಕಾರಿ ಸಂಕೋಚದಿಂದ, ಒಂದು ಕಾಗದ ಟೈಪು ಮಾಡಿಕೊಡುತ್ತೀರಾ ಎಂದರು. ಗಡಿಯಾಚೆಯ ಆ ತಾಯಿಗೆ ಮೇಲಿನವರ ಮೂಲಕ ಹೋಗಬೇಕಾದ ಕಾಗದ. ಕಳಿಸಿದ ಫೋಟೋ ನಿಮ್ಮ ಮಗನದಲ್ಲ, ತಪ್ಪಾಗಿದೆ, ಆ ಮನುಷ್ಯ ಇದೇ ದೇಶದವನು ಎಂದು ಅವರು ಹೇಳಿ ಬರೆಸಿದರು. ನಾನು ಟೈಪು ಮಾಡಿದೆ. "ಹಂಗಾರ ಆಕಿ ಮಗಾ ಎಲ್ಲಿ ಅದಾನ ಅಂತ ಬರೀಲ್ರಿ?" ಎಂದು ಕೇಳಿದೆ. ಅವರು ಕಿಟಕಿಯ ಕಡೆ ನೋಡಿ, "ಗೊತ್ತಿಲ್ಲ ಅಂತ ಬರೀರಿ" ಎಂದರು.

ಐದಾರು ತಿಂಗಳ ಮೇಲೆ ಅವರೇ ಹೇಳಿ ಕಳಿಸಿದರು. ಉತ್ತರ ಬಂದಿತ್ತು. ತಾಯಿಗೆ ಓದು ಬರದು. ಆ ಊರಿನ ಯಾರೋ ಬರೆದುಕೊಟ್ಟಿದ್ದರು. ಆ ಭಾಷೆ ಬಲ್ಲ ಸೈನಿಕನೊಬ್ಬನಿಂದ ಓದಿಸಿದ್ದನ್ನು ಅಧಿಕಾರಿ ನನಗೆ ಹೇಳಿದರು. ಹೆತ್ತವಳಿಗೆ ಮಗನ ಮುಖ ತಪ್ಪುತ್ತದೆಯೇ, ಅದು ಅವನೇ, ಕಳಿಸಲು ಅಡಚಣೆ ಇದ್ದರೆ ಇರಲಿ, ನಾನು ಕಾಯುತ್ತೇನೆ ಎಂದಿತ್ತು. ಫೋಟೋದಲ್ಲಿ ಬಡವಾಗಿದ್ದಾನೆ, ಹೊಟ್ಟೆ ತುಂಬ ಉಣ್ಣುತ್ತಾನೋ ಇಲ್ಲವೋ ಅದನ್ನಾದರೂ ತಿಳಿಸಿ ಎಂದು ಕೇಳಿದ್ದಳು.

"ಏನ್ ಬರಿಯೂಣ್ರಿ ಇದಕ್ಕ?" ಎಂದು ಅಧಿಕಾರಿ ನನ್ನನ್ನು ಕೇಳಿದರು. ನಿಜವಾಗಿಯೂ ನನ್ನಿಂದ ಉತ್ತರ ಬಯಸಿ ಕೇಳಿದ ಹಾಗಿತ್ತು. ಟೈಪ್‌ರೈಟರಿನಲ್ಲಿ ಬಿಳಿ ಹಾಳೆ ಏರಿಸಿಯಾಗಿತ್ತು. ನಾನು ಅದರ ಮುಂದೆ ಕೂತೆ. ಸ್ವಲ್ಪ ಹೊತ್ತಿನ ಮೇಲೆ ಅವರಿಗೆ ಯಾರದೋ ಫೋನು ಬಂತು, ಎದ್ದು ಹೊರಗೆ ಹೋದರು. ನಾನು ಹಾಳೆಯನ್ನು ಹಾಗೆಯೇ ಬಿಟ್ಟು ಶಹಾಪುರದ ದಾರಿ ಹಿಡಿದೆ.